ಪಾರ್ಶ್ವವಾಯುವಿನ ನಂತರ ಮತ್ತೆ ನುಂಗಲು ಕಲಿತದ್ದು

ನನಗೆ ಪಾರ್ಶ್ವವಾಯು ಆಗಿತ್ತೆಂದರೆ ನಂಬದವರೇ ಹೆಚ್ಚು. ಕೈಕಾಲುಗಳಿಗೆ ಏನೂ ಆಗಲಿಲ್ಲ, ಬಾಯಿ ಸೊಟ್ಟಗಾಗಲಿಲ್ಲ, ಮಾತು ನಿಲ್ಲಲಿಲ್ಲ. ಆಸ್ಪತ್ರೆಗೆ ನೋಡಲು ಬಂದ ಚಿಕ್ಕಪ್ಪನ ಮಗ ಹಾಸಿಗೆಯ ಪಕ್ಕದಲ್ಲಿ ನಿಂತು, "ಅಲ್ಲ ಕಣಣ್ಣಾ, ಲಕ್ವ ಹೊಡುದ್ರೆ ಒಂದು ಕಡೆ ಬಿದ್ದೋಗ್ಬೇಕಲ್ವಾ? ನೀನು ನೆಟ್ಟಗೆ ಕೂತಿದ್ದೀಯಲ್ಲ" ಎಂದು ಅನುಮಾನದಿಂದಲೇ ಕೇಳಿದ. ಆಗ ನನ್ನ ಕೈಯಲ್ಲಿ ಒಂದು ಸ್ಟೀಲ್ ಲೋಟವಿತ್ತು. ಬಾಯಲ್ಲಿ ಊರುವ ಉಗುಳನ್ನು ನುಂಗಲಾರದೆ ನಿಮಿಷಕ್ಕೊಮ್ಮೆ ಅದರೊಳಗೆ ಉಗುಳುತ್ತಿದ್ದೆ. ಆರೋಗ್ಯವಂತನ ಬಾಯಲ್ಲಿ ದಿನಕ್ಕೆ ಒಂದು ಲೀಟರಿನಷ್ಟು ಜೊಲ್ಲು ಊರುತ್ತದೆ ಎಂದು ನನಗೆ ಗೊತ್ತಾದದ್ದು ಹಾಗೆ. ಅದನ್ನು ಸದ್ದಿಲ್ಲದೆ ಒಳಗೆ ಕಳುಹಿಸುವ ಕೆಲಸವೊಂದು ನಮ್ಮೊಳಗೆ ಹಗಲೂ ರಾತ್ರಿಯೂ ನಡೆಯುತ್ತಿರುತ್ತದೆ, ಅದು ನಿಂತಾಗ ಮನುಷ್ಯ ನಿದ್ದೆ ಮಾಡುವುದೂ ಕಷ್ಟ.

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತನಾದವನು. ವಯಸ್ಸು 69, ಊರು ಮದ್ದೂರಿನ ಕಡೆ. ರಕ್ತದೊತ್ತಡಕ್ಕೆ ಬಹಳ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಒಂದು ಮುಂಜಾನೆ ಎದ್ದಾಗ ಮನೆಯೇ ತಿರುಗಿದಂತಾಗಿ ವಾಂತಿಯಾಯಿತು, ಹಿಂದೆಯೇ ಬಿಕ್ಕಳಿಕೆ ಹತ್ತಿಕೊಂಡಿತು, ಎದ್ದು ನಡೆದರೆ ಮೈ ಬಲಕ್ಕೇ ವಾಲುತ್ತಿತ್ತು. ತಲೆಸುತ್ತು, ವಾಂತಿ, ಬಿಕ್ಕಳಿಕೆ ಮೂರೂ ಒಟ್ಟಿಗೆ ಬಂದರೆ ಪಿತ್ತ ಕೆರಳಿದೆ ಎಂದುಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಹೀಗಾಗಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಆಗುವ ಹೊತ್ತಿಗೆ ಮರುದಿನವಾಗಿತ್ತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಕೊಡಬಹುದಾದ ನಾಲ್ಕೂವರೆ ಗಂಟೆಯ ಅವಧಿ ಎಂದೋ ಮುಗಿದುಹೋಗಿತ್ತು.

ಮೆದುಳು ಬೆನ್ನುಹುರಿಗೆ ಸೇರುವ ಜಾಗದಲ್ಲಿ ಮೆಡುಲ್ಲಾ ಎಂಬ ಭಾಗವಿದೆ, ಅದರ ಬಲ ಪಕ್ಕಕ್ಕೆ ರಕ್ತ ಹರಿಯುವುದು ನಿಂತಿದೆ ಎಂದು ನರರೋಗ ತಜ್ಞರು ಚಿತ್ರ ಬರೆದು ವಿವರಿಸಿದರು. ಕೈಕಾಲುಗಳಿಗೆ ಹೋಗುವ ನರತಂತುಗಳು ಅದರ ಮುಂಭಾಗದಲ್ಲಿ ಹಾದುಹೋಗುವುದರಿಂದ ಅವು ಉಳಿದುಕೊಂಡವು. ಪಕ್ಕಕ್ಕಿರುವ, ನುಂಗುವುದನ್ನು ನಡೆಸುವ ನರಕೋಶಗಳ ಗುಂಪು ಪೆಟ್ಟು ತಿಂದಿತು. ಇದನ್ನು ವಾಲೆನ್‌ಬರ್ಗ್ ಸಿಂಡ್ರೋಮ್ ಎನ್ನುತ್ತಾರೆ. ಜರ್ಮನಿಯ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ 1895ರಲ್ಲಿ ಇದರ ಲಕ್ಷಣಗಳನ್ನು ಬರೆದಿಟ್ಟಿದ್ದರು. ಆ ಲಕ್ಷಣಗಳೆಲ್ಲ ನನ್ನಲ್ಲಿ ಪಟ್ಟಿಯಂತೆ ಇದ್ದವು: ಬಲಗೆನ್ನೆ ಜೋಮು ಹಿಡಿದಿತ್ತು, ಬಲಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು, ದನಿ ಗೊಗ್ಗರಾಗಿತ್ತು, ಮೈಯ ಎಡಭಾಗಕ್ಕೆ ಬಿಸಿ ಯಾವುದು ತಣ್ಣಗೆ ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ಸ್ನಾನದ ನೀರಿಗೆ ಎಡಗೈ ಅದ್ದಿದರೆ ಒದ್ದೆಯಾದದ್ದಷ್ಟೇ ಗೊತ್ತಾಗುತ್ತಿತ್ತು, ಅದೇ ನೀರು ಬಲಗೈಯನ್ನು ಸುಡುತ್ತಿತ್ತು. ಈಗಲೂ ಬಲಗೈಯಲ್ಲಿ ನೋಡಿಯೇ ನೀರು ಹಾಕಿಕೊಳ್ಳುತ್ತೇನೆ.

ನನ್ನ ವಾರ್ಡಿನಲ್ಲಿಯೇ ಇನ್ನೊಬ್ಬ ಹಿರಿಯರಿದ್ದರು. ಅವರಿಗೆ ಮೆದುಳಿನ ಮೇಲ್ಭಾಗದ ಎಡಬದಿಯಲ್ಲಿ ಪೆಟ್ಟಾಗಿ ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮೊದಮೊದಲು ಅವರಿಗೂ ನುಂಗಲು ಆಗುತ್ತಿರಲಿಲ್ಲ. ಆದರೆ ಎರಡು ವಾರ ಕಳೆಯುವುದರೊಳಗೆ ಅವರು ಗಂಜಿ, ಮೆತ್ತಗಿನ ಇಡ್ಲಿ ತಿನ್ನತೊಡಗಿದರು. ಪಾರ್ಶ್ವವಾಯುವಾದವರಲ್ಲಿ ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ನುಂಗುವ ತೊಂದರೆ ಕಾಣಿಸಿಕೊಳ್ಳುತ್ತದೆ, ಬಹಳಷ್ಟು ಮಂದಿಗೆ ಕೆಲವೇ ವಾರಗಳಲ್ಲಿ ಅದು ಸರಿಹೋಗುತ್ತದೆ. ಮೆದುಳಿನ ಎರಡೂ ಅರ್ಧಗಳು ನುಂಗುವ ಕೆಲಸದಲ್ಲಿ ಪಾಲು ಹೊಂದಿರುವುದರಿಂದ ಒಂದು ಕೆಟ್ಟರೆ ಇನ್ನೊಂದು ನಿಧಾನವಾಗಿ ಹೊಣೆ ಹೊತ್ತುಕೊಳ್ಳುತ್ತದೆ. ಬುಡದಲ್ಲಿರುವ ಕೇಂದ್ರಕ್ಕೇ ಏಟು ಬಿದ್ದಾಗ ಆ ಅನುಕೂಲ ಅಷ್ಟು ಸುಲಭವಾಗಿ ಒದಗುವುದಿಲ್ಲ. ಕೈಕಾಲು ಬಿದ್ದವರು ಊಟ ಮಾಡುತ್ತಿದ್ದರು, ಓಡಾಡಬಲ್ಲ ನಾನು ಅವರ ತಟ್ಟೆ ನೋಡುತ್ತ ಕೂತಿದ್ದೆ. ವಯಸ್ಸೂ ಇದಕ್ಕೆ ಸೇರಿಕೊಳ್ಳುತ್ತದೆ. ಅರವತ್ತೈದು ದಾಟಿದವರಲ್ಲಿ ನಾಲಿಗೆಯ, ಗಂಟಲಿನ ಸ್ನಾಯುಗಳು ಕಾಯಿಲೆಯಿಲ್ಲದೆಯೂ ಸೊರಗಿರುತ್ತವೆ. ನಲವತ್ತರ ಹರೆಯದವನಲ್ಲಿ ಇರುವ ಮಿಗುತೆ ನಮ್ಮಲ್ಲಿ ಇರುವುದಿಲ್ಲ.

ಬಾಯಿಯ ಮೂಲಕ ಏನೂ ಕೊಡಕೂಡದು ಎಂಬ ಫಲಕ ಹಾಸಿಗೆಯ ತಲೆದಿಸೆಯಲ್ಲಿ ನೇತಾಡುತ್ತಿತ್ತು. ಅದನ್ನು ಪಾಲಿಸುವುದು ರೋಗಿಗಿಂತ ನೆಂಟರಿಗೆ ಕಷ್ಟ. ಬಂದವರೆಲ್ಲರೂ, "ಒಂದು ಗುಟುಕು ನೀರಾದ್ರೂ ಬಿಡ್ಬಾರ್ದಾ, ಬಾಯಿ ಒಣಗಿ ಹೋಗಿದೆ" ಎನ್ನುವವರೇ. ಅತ್ತಿಗೆ ತಂದ ತುಳಸಿ ನೀರಿನ ಬಾಟಲಿಯನ್ನು ನನ್ನ ಹೆಂಡತಿ ಅವರೆದುರಿಗೇ ಬೀರುವಿನೊಳಗಿಟ್ಟು ಬೀಗ ಹಾಕಿದಳು, ಅದರ ಮುನಿಸು ಬಹಳ ಕಾಲ ಇತ್ತು. ಗಟ್ಟಿ ಪದಾರ್ಥ ಅಪಾಯ, ನೀರು ನಿರಪಾಯ ಎಂಬುದು ಸಾಮಾನ್ಯ ತಿಳಿವಳಿಕೆ. ಗಂಟಲಿನ ಮಟ್ಟಿಗೆ ಅದು ತಿರುವುಮುರುವು. ನೀರು ನಾಲಿಗೆಯ ಹಿಡಿತಕ್ಕೆ ಸಿಗದೆ, ಶ್ವಾಸನಾಳದ ಬಾಗಿಲು ಮುಚ್ಚುವ ಮೊದಲೇ ಜಾರಿ ಒಳಗೆ ಹೋಗುತ್ತದೆ. ಸರಿಯಾಗಿದ್ದ ಗಂಟಲು ಆಗ ಕೆಮ್ಮಿ ಹೊರಹಾಕುತ್ತದೆ. ಗಂಟಲೊಳಗಿನ ಸ್ಪರ್ಶಜ್ಞಾನವೇ ಹೋಗಿದ್ದರೆ ಕೆಮ್ಮೂ ಬಾರದೆ ಶ್ವಾಸಕೋಶಕ್ಕೆ ನೀರಿಳಿಯುತ್ತದೆ, ಎರಡು ಮೂರು ದಿನಗಳ ನಂತರ ಜ್ವರ ಬಂದಾಗಲೇ ಗೊತ್ತಾಗುವುದು. ಕೆಮ್ಮಲಿಲ್ಲ, ಆದ್ದರಿಂದ ಸರಿಯಾಗಿ ಇಳಿಯಿತು ಎಂದು ಮನೆಯವರು ಅಂದುಕೊಳ್ಳುವುದು ಎಷ್ಟು ಸಹಜವೋ ಅಷ್ಟೇ ಅಪಾಯಕಾರಿ.

ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದನ್ನು ಕಂಡವರು ಬಹಳ ಮಂದಿ ಇದ್ದಾರೆ. ಎರಡೆರಡೂವರೆ ಗಂಟೆಗೊಮ್ಮೆ ಇನ್ನೂರು ಮಿಲಿಲೀಟರಿನಷ್ಟು ಹಾಲು, ಬೇಳೆ ಕಟ್ಟು, ತೆಳ್ಳಗಿನ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಬಿಡುತ್ತಿದ್ದರು. ರಾಗಿಯನ್ನು ಎಷ್ಟು ಸೋಸಿದರೂ ಅದು ನಳಿಗೆಯೊಳಗೆ ಕಟ್ಟಿಕೊಳ್ಳುತ್ತಿದ್ದುದರಿಂದ ಕೊನೆಗೆ ಕೈಬಿಟ್ಟರು. ಕೊಡುವಾಗಲೂ ಕೊಟ್ಟ ಮೇಲೆ ಅರ್ಧ ಮುಕ್ಕಾಲು ಗಂಟೆಯವರೆಗೂ ತಲೆ ಎತ್ತರದಲ್ಲಿಯೇ ಇರಬೇಕು. ಒಂದು ಮಾತನ್ನು ಮಾತ್ರ ಹೇಳಬೇಕು: ಟ್ಯೂಬು ಹಾಕಿದ ಮೇಲೆ ಶ್ವಾಸಕೋಶಕ್ಕೆ ಅಪಾಯವಿಲ್ಲ ಎಂದು ನಾವು ತಿಳಿದಿದ್ದೆವು, ಆದರೂ ನನಗೆ ನ್ಯುಮೋನಿಯಾ ಬಂತು. ನಿದ್ದೆಯಲ್ಲಿ ಜೊಲ್ಲು ತಾನಾಗಿ ಇಳಿಯುತ್ತದೆ, ಹೊಟ್ಟೆಯಿಂದ ಹಾಲು ಮೇಲಕ್ಕೆ ಬರುತ್ತದೆ. ಟ್ಯೂಬು ಇವೆರಡನ್ನೂ ತಡೆಯುವುದಿಲ್ಲ.

ಜ್ವರ ಇಳಿದ ಮೇಲೆ ಕಿವಿ ಮೂಗು ಗಂಟಲು ವಿಭಾಗದಲ್ಲಿ ಪರೀಕ್ಷೆಯಾಯಿತು. ಮೂಗಿನೊಳಗೆ ತೆಳುವಾದ, ಬಾಗುವ ಸ್ಕೋಪನ್ನು ಇಳಿಸಿ, ಹಸಿರು ಬಣ್ಣ ಬೆರೆಸಿದ ಹಾಲನ್ನೂ ಗಂಜಿಯನ್ನೂ ಒಂದೊಂದು ಚಮಚ ಕೊಟ್ಟು ಗಂಟಲೊಳಗೆ ಏನಾಗುತ್ತದೆ ಎಂದು ನೋಡುವ ವಿಧಾನವಿದು. ಬೇರಿಯಂ ಬೆರೆಸಿದ ಆಹಾರ ಕೊಟ್ಟು ಎಕ್ಸ್‌ರೇ ವಿಡಿಯೋ ತೆಗೆಯುವ ಇನ್ನೊಂದು ವಿಧಾನವೂ ಇದೆ. ಪರದೆಯನ್ನು ನನ್ನ ಕಡೆಗೂ ತಿರುಗಿಸಿದ್ದರು. ಎಡಗಡೆಯ ಧ್ವನಿತಂತು ಉಸಿರಿನೊಂದಿಗೆ ತೆರೆದು ಮುಚ್ಚುತ್ತಿತ್ತು, ಬಲಗಡೆಯದು ಅಲುಗಾಡದೆ ನಿಂತಿತ್ತು. ಹಸಿರು ಹಾಲನ್ನು ನುಂಗಿದೆ ಎಂದು ನಾನು ತಿಳಿದ ಮೇಲೂ ಬಲಗಡೆಯ ಗುಳಿಯಲ್ಲಿ ಅದು ಹಾಗೆಯೇ ನಿಂತಿತ್ತು. ಮುಂದಿನ ಉಸಿರಿಗೆ ಅದರಿಂದ ಒಂದು ಎಳೆ ಅಂಚು ದಾಟಿ ಧ್ವನಿತಂತುಗಳ ಮೇಲೆ ಹರಿಯಿತು. ನನಗೆ ಕೆಮ್ಮು ಬರಲಿಲ್ಲ. ನೋವೂ ಇಲ್ಲ, ಕೆರೆತವೂ ಇಲ್ಲ. ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ.

ಕಾರಣವನ್ನು ಅಲ್ಲಿಯ ಸ್ಪೀಚ್ ಥೆರಪಿಸ್ಟ್ ವಿವರಿಸಿದರು. ಅನ್ನನಾಳದ ಮೇಲ್ತುದಿಯಲ್ಲಿ ಒಂದು ಸ್ನಾಯುವಿನ ಉಂಗುರ ಯಾವಾಗಲೂ ಬಿಗಿದೇ ಇರುತ್ತದೆ. ನುಂಗುವ ಕ್ಷಣದಲ್ಲಿ ಮೆದುಳಿನಿಂದ ಅಪ್ಪಣೆ ಬಂದು ಅದು ಸಡಿಲಗೊಳ್ಳಬೇಕು, ಅದೇ ಕ್ಷಣದಲ್ಲಿ ಗಂಟಲಿನ ಉಬ್ಬು ಮೇಲಕ್ಕೂ ಮುಂದಕ್ಕೂ ಸರಿದು ಅದನ್ನು ಎಳೆದು ತೆರೆಯಬೇಕು. ಸುಮಾರು ಮೂವತ್ತು ಜೋಡಿ ಸ್ನಾಯುಗಳು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುವ ಕೆಲಸವಿದು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ವರ್ಷಗಟ್ಟಲೆ ಅಳತೆ ಮಾಡಿದ ನನಗೆ ಅದು ತೂಬಿನ ಹಾಗೆ ಅರ್ಥವಾಯಿತು: ನಾಲೆಯಲ್ಲಿ ನೀರು ಬಂದಿದೆ, ತೂಬು ಎತ್ತುವವನು ಬಂದಿಲ್ಲ, ನೀರು ಏರಿ ಪಕ್ಕದ ಗದ್ದೆಗೆ ನುಗ್ಗುತ್ತಿದೆ.

ಮೂಗಿನ ಟ್ಯೂಬು ಒಂದು ತಿಂಗಳು ದಾಟಿದಾಗ ಹೊಟ್ಟೆಯ ಮೇಲಿಂದಲೇ ನೇರವಾಗಿ ಜಠರಕ್ಕೆ ನಳಿಗೆ ಹಾಕಿಸುವ ಮಾತು ಬಂತು. ಪೆಗ್ ಎನ್ನುತ್ತಾರೆ. ಎಂಡೋಸ್ಕೋಪಿಯ ನೆರವಿನಿಂದ ಹಾಕುವುದರಿಂದ ದೊಡ್ಡ ಶಸ್ತ್ರಚಿಕಿತ್ಸೆಯೇನೂ ಅಲ್ಲ. ಮನೆಯಲ್ಲಿ ಮಾತ್ರ ಅದು ದೊಡ್ಡ ಚರ್ಚೆಯಾಯಿತು. ಹೊಟ್ಟೆಗೆ ಪೈಪು ಹಾಕಿದರೆ ಇನ್ನು ಬಾಯಲ್ಲಿ ಉಣ್ಣುವ ಆಸೆ ಬಿಟ್ಟಂತೆ ಎಂದು ಮಗನೂ ಹಿಂಜರಿದ. ನಾನು ಹಾಕಿಸಿಕೊಂಡೆ, ಇಂದಿಗೂ ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಮೂಗಿನ ಟ್ಯೂಬು ಗಂಟಲ ಹಿಂಗೋಡೆಯನ್ನು ಒತ್ತಿಕೊಂಡು ಅನ್ನನಾಳದ ಬಾಯೊಳಗೇ ಹಾದುಹೋಗಿರುತ್ತದೆ, ಅಭ್ಯಾಸ ಮಾಡಬೇಕಾದ ದಾರಿಯಲ್ಲೇ ಅಡ್ಡವಾಗಿ ಒಂದು ವಸ್ತು. ಅದನ್ನು ತೆಗೆದ ದಿನದಿಂದ ಗಂಟಲು ಹಗುರಾಯಿತು, ಹೊಟ್ಟೆಗೆ ಬೀಳುವುದು ಖಾತ್ರಿಯಾದ್ದರಿಂದ ಬಾಯಿಯ ಅಭ್ಯಾಸಕ್ಕೆ ಆತುರವಿಲ್ಲದೆ ಸಮಯ ಸಿಕ್ಕಿತು, ಇಳಿದುಹೋಗಿದ್ದ ತೂಕವೂ ನಿಂತಿತು. ಪಾರ್ಶ್ವವಾಯುವಾದ ಮೊದಲ ಎರಡು ಮೂರು ವಾರಗಳಲ್ಲಿ ಮೂಗಿನ ಟ್ಯೂಬೇ ಒಳ್ಳೆಯದೆಂದು ದೊಡ್ಡ ಅಧ್ಯಯನವೊಂದು 2005ರಲ್ಲಿ ಸೂಚಿಸಿದೆ; ಆತುರದಿಂದ ಪೆಗ್ ಹಾಕಿಸಬೇಕಿಲ್ಲ, ಹಾಗೆಯೇ ತಿಂಗಳುಗಟ್ಟಲೆ ಮೂಗಿನ ಟ್ಯೂಬಿನಲ್ಲೇ ದಿನ ದೂಡಬೇಕಿಲ್ಲ.

ಅಭ್ಯಾಸ ಆರಂಭವಾದದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1960ರ ದಶಕದಿಂದ ಇರುವ ಆ ಸಂಸ್ಥೆಯನ್ನು ನಾನು ಮೈಸೂರಿಗೆ ಹೋದಾಗಲೆಲ್ಲ ಹೊರಗಿನಿಂದ ನೋಡಿದ್ದೆ, ಕಿವಿ ಕೇಳದವರಿಗೆ, ಮಾತು ಬಾರದ ಮಕ್ಕಳಿಗೆ ಎಂದಷ್ಟೇ ತಿಳಿದಿದ್ದೆ. ನುಂಗುವ ತೊಂದರೆಯನ್ನು ನೋಡುವವರೂ ಸ್ಪೀಚ್ ಥೆರಪಿಸ್ಟರೇ ಎಂಬುದು ನನ್ನಂಥ ಬಹುಪಾಲು ಜನರಿಗೆ ಗೊತ್ತಿಲ್ಲ. ನಾಲಿಗೆ, ತುಟಿ, ಅಂಗುಳ, ಧ್ವನಿಪೆಟ್ಟಿಗೆ ಎಲ್ಲವೂ ಮಾತಿಗೂ ನುಂಗುವುದಕ್ಕೂ ಸಮಾನವಾಗಿ ಬೇಕಾದವೇ ಆಗಿರುವಾಗ ಅದು ಆಶ್ಚರ್ಯದ ಸಂಗತಿಯೇನೂ ಅಲ್ಲ.

ನನಗೆ ಚಿಕಿತ್ಸೆ ಕೊಟ್ಟವರು ನನ್ನ ಸೊಸೆಯ ವಯಸ್ಸಿನ ಹೆಣ್ಣುಮಗಳು. ಅವರು ಮೊದಲು ಹೇಳಿದ್ದು ಒಂದೇ ಮಾತು: "ಸಾರ್, ನುಂಗದೆ ನುಂಗೋದು ಬರಲ್ಲ. ದಿನಾ ನುಂಗಬೇಕು, ಆದ್ರೆ ನಾನು ಹೇಳಿದ ಹಾಗೆ ಮಾತ್ರ." ಗುಣವಾಗಲಿ, ಆಮೇಲೆ ತಿನ್ನುತ್ತೇನೆ ಎಂದು ಕಾದುಕೊಂಡು ಕೂತಿದ್ದ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಅವರು ಕಲಿಸಿದ ಮೊದಲ ಉಪಾಯ ಮುಖವನ್ನು ಪೂರ್ತಿ ಬಲಕ್ಕೆ, ಅಂದರೆ ಸೋತ ಬದಿಗೆ, ಗದ್ದ ಭುಜದ ನೇರಕ್ಕೆ ಬರುವಷ್ಟು ತಿರುಗಿಸಿ ನುಂಗುವುದು. ಹಾಗೆ ತಿರುಗಿದಾಗ ಬಲಗಡೆಯ ಗುಳಿ ಒತ್ತಿ ಮುಚ್ಚಿಕೊಳ್ಳುತ್ತದೆ, ಆಹಾರವು ಶಕ್ತಿಯಿರುವ ಎಡಗಡೆಯಿಂದ ಇಳಿಯುತ್ತದೆ, ಅನ್ನನಾಳದ ಬಾಯಿಯ ಬಿಗಿತವೂ ಸ್ವಲ್ಪ ಸಡಿಲಾಗುತ್ತದೆ. ಅರ್ಧ ಚಮಚ ದಪ್ಪನೆಯ ಮಜ್ಜಿಗೆ ಬಾಯಲ್ಲಿಟ್ಟುಕೊಂಡು ಮುಖ ಬಲಕ್ಕೆ ಹೊರಳಿಸಿ ನುಂಗಿದಾಗ, ಒಂದೂವರೆ ತಿಂಗಳ ಮೇಲೆ ಮೊದಲ ಬಾರಿಗೆ, ಏನೋ ಒಂದು ಕೆಳಗಿಳಿದದ್ದು ಎದೆಯ ನಡುವೆ ಅನುಭವಕ್ಕೆ ಬಂತು. "ಆ ಅನ್ನಿ ಸಾರ್" ಎಂದರು. ಅಂದೆ. ದನಿ ಒಣಗಿತ್ತು. ನುಂಗಿದ ಮೇಲೆ ದನಿ ಗಳಗಳ ಎಂದರೆ ಧ್ವನಿತಂತುಗಳ ಮೇಲೆ ಏನೋ ನಿಂತಿದೆ ಎಂದರ್ಥ. ಆಗ ಕೆಮ್ಮಿ ತೆಗೆದು ಮತ್ತೊಮ್ಮೆ ಒಣ ನುಂಗು ನುಂಗಬೇಕು. ಮನೆಯಲ್ಲಿ ಯಾವ ಯಂತ್ರವೂ ಇಲ್ಲದೆ ಮಾಡಬಹುದಾದ ಪರೀಕ್ಷೆ ಇದೊಂದೇ ಎನ್ನಬೇಕು, ನನ್ನ ಹೆಂಡತಿ ಇದರಲ್ಲಿ ಬಹುಬೇಗ ಪಳಗಿದಳು. ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದರೆ ಅಡುಗೆಮನೆಯಿಂದಲೇ, "ರೀ, ದನಿ ಒದ್ದೆ ಐತೆ, ಕೆಮ್ಮಿ" ಎನ್ನುತ್ತಿದ್ದಳು.

ಒಬ್ಬರಿಗೆ ಒಗ್ಗಿದ ಉಪಾಯ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ವಾರ್ಡಿನ ಆ ಹಿರಿಯರಿಗೆ ಗದ್ದವನ್ನು ಎದೆಗೆ ತಾಗುವಂತೆ ಬಗ್ಗಿಸಿ ನುಂಗಲು ಹೇಳಿದ್ದರು, ಏಕೆಂದರೆ ಅವರಲ್ಲಿ ನುಂಗುವ ಕ್ರಿಯೆ ತಡವಾಗಿ ಶುರುವಾಗುತ್ತಿತ್ತು. ನಾನು ಗದ್ದ ಬಗ್ಗಿಸಿ ನುಂಗಿದರೆ ಗುಳಿಯಲ್ಲಿ ನಿಂತದ್ದು ಮುಂದಕ್ಕೆ ಚೆಲ್ಲುತ್ತಿತ್ತು. ಪರದೆಯ ಮೇಲೆ ನೋಡಿ ಹೇಳುವವರ ಮಾತನ್ನೇ ಕೇಳಬೇಕು, ಪಕ್ಕದ ಮಂಚದವರದ್ದನ್ನಲ್ಲ.

ವ್ಯಾಯಾಮಗಳಲ್ಲಿ ಮುಖ್ಯವಾದದ್ದು ಶೇಕರ್ ವ್ಯಾಯಾಮ. ದಿಂಬಿಲ್ಲದೆ ಅಂಗಾತ ಮಲಗಿ, ಭುಜ ಎತ್ತದೆ ತಲೆಯನ್ನು ಮಾತ್ರ ಎತ್ತಿ ಕಾಲ್ಬೆರಳುಗಳನ್ನು ನೋಡಬೇಕು. ಪೂರ್ತಿ ಕ್ರಮದಲ್ಲಿ ಒಂದು ನಿಮಿಷ ಹಾಗೆಯೇ ಹಿಡಿದು ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸಲ. ಬಳಿಕ ನಿಲ್ಲಿಸದೆ ಎತ್ತಿ ಇಳಿಸುವುದು ಮೂವತ್ತು ಸಲ. ದಿನಕ್ಕೆ ಮೂರು ಹೊತ್ತು, ಆರು ವಾರ. ಗದ್ದದ ಕೆಳಗಿನ ಸ್ನಾಯುಗಳು ಬಲಿತು ಗಂಟಲಿನ ಉಬ್ಬನ್ನು ಮೇಲೆ ಎಳೆಯುವ ಶಕ್ತಿ ಬರುತ್ತದೆ ಎಂಬುದು ಇದರ ತತ್ತ್ವ. ಕಾಗದದ ಮೇಲೆ ಸುಲಭವಾಗಿ ಕಾಣುವ ಇದನ್ನು ನನ್ನ ವಯಸ್ಸಿನ ಕುತ್ತಿಗೆ ಒಪ್ಪಲಿಲ್ಲ. ಕುತ್ತಿಗೆಯ ಎಲುಬು ಸವೆದವರಿಗೆ ಇದು ಕೂಡದೆಂದು ಅವರೂ ಮೊದಲೇ ವಿಚಾರಿಸಿ, ಹತ್ತು ಸೆಕೆಂಡಿನಿಂದ ಆರಂಭಿಸಿ ನೋಡಿ, ನೋವು ಬಂದದ್ದರಿಂದ ಬದಲಿಸಿದರು. ಕುರ್ಚಿಯಲ್ಲಿ ನೆಟ್ಟಗೆ ಕೂತು ಗದ್ದದಡಿ ರಬ್ಬರ್ ಚೆಂಡು ಇಟ್ಟು ಒತ್ತುವುದು ಹೆಚ್ಚು ಕಡಿಮೆ ಅದೇ ಸ್ನಾಯುಗಳಿಗೆ ಕೆಲಸ ಕೊಡುತ್ತದೆ. ಮೊಮ್ಮಗಳ ಚೆಂಡು ಅದಕ್ಕೆ ಸಾಕಾಯಿತು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಮೃದುವಾಗಿ ಹಿಡಿದು ಜೊಲ್ಲು ನುಂಗುವುದು, ಗಂಟಲಿನ ಉಬ್ಬು ಮೇಲೇರಿದಾಗ ಅದನ್ನು ಒಂದೆರಡು ಸೆಕೆಂಡು ಅಲ್ಲಿಯೇ ತಡೆದು ಹಿಡಿಯುವುದು ಇನ್ನೆರಡು ಅಭ್ಯಾಸಗಳು. ಎರಡನೆಯದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು, ಏಕೆಂದರೆ ಬದುಕಿನುದ್ದಕ್ಕೂ ತಾನಾಗಿಯೇ ಆಗುತ್ತಿದ್ದುದನ್ನು ಮಧ್ಯದಲ್ಲಿ ತಡೆಯುವುದು ಹೇಗೆಂದು ಯಾರ ಮೈಗೂ ಗೊತ್ತಿರುವುದಿಲ್ಲ.

ಇಷ್ಟೆಲ್ಲದರ ನಡುವೆ ನನ್ನ ಹಳೆಯ ವೃತ್ತಿ ಉಪಯೋಗಕ್ಕೆ ಬಂದದ್ದು ದ್ರವದ ದಪ್ಪವನ್ನು ಅಳೆಯುವುದರಲ್ಲಿ. ನುಂಗುವ ತೊಂದರೆಯಿರುವವರ ಆಹಾರಕ್ಕೆ ಅಂತರರಾಷ್ಟ್ರೀಯವಾಗಿ 0ಯಿಂದ 7ರವರೆಗೆ ಹಂತಗಳನ್ನು ಗೊತ್ತುಮಾಡಿದ್ದಾರೆ. ನೀರು 0, ಮಾಮೂಲಿ ಊಟ 7. ದ್ರವಗಳ ಹಂತವನ್ನು ತಿಳಿಯಲು ಬೇಕಾದದ್ದು 10 ಮಿ.ಲೀ. ಸಿರಿಂಜು ಮಾತ್ರ. ದೂಡುವ ಕಡ್ಡಿಯನ್ನು ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ 10ರ ಗೆರೆಯವರೆಗೆ ತುಂಬಿ, ಬೆರಳು ತೆಗೆದು ಸರಿಯಾಗಿ 10 ಸೆಕೆಂಡು ಬಿಟ್ಟು ಮತ್ತೆ ಮುಚ್ಚಬೇಕು. 1 ಮಿ.ಲೀ.ಗಿಂತ ಕಡಿಮೆ ಉಳಿದರೆ ಅದು ನೀರಿನ ಹಂತ, 1ರಿಂದ 4 ಉಳಿದರೆ ಒಂದನೆಯದು, 4ರಿಂದ 8 ಎರಡನೆಯದು, 8ಕ್ಕಿಂತ ಹೆಚ್ಚು ಉಳಿದರೆ ಮೂರನೆಯದು, ತೊಟ್ಟಿಕ್ಕದೆ ನಿಂತುಬಿಟ್ಟರೆ ನಾಲ್ಕು ಅಥವಾ ಅದಕ್ಕಿಂತ ಗಟ್ಟಿ. ಎಲ್ಲ ಸಿರಿಂಜುಗಳೂ ಒಂದೇ ಅಳತೆಯವಲ್ಲ ಎಂಬುದನ್ನು ಗಮನಿಸಬೇಕು. 0ಯಿಂದ 10ರವರೆಗಿನ ಗೆರೆಗಳ ನಡುವೆ 61.5 ಮಿ.ಮೀ. ಉದ್ದವಿರುವ ಸಿರಿಂಜನ್ನೇ ಬಳಸಬೇಕೆಂದು ನಿಯಮ. ನಮ್ಮ ಬೀದಿಯ ಔಷಧಿ ಅಂಗಡಿಯವನು ನಾನು ಸ್ಕೇಲು ಹಿಡಿದು ಸಿರಿಂಜು ಅಳೆಯುವುದನ್ನು ನೋಡಿ, ನನಗೆ ಗಂಟಲಿನ ಜೊತೆಗೆ ತಲೆಯೂ ಹೋಗಿದೆ ಎಂದುಕೊಂಡಿರಬೇಕು.

ನನಗೆ ಹೇಳಿದ್ದು ಎರಡನೆಯ ಹಂತ. ದಪ್ಪವಾದಷ್ಟೂ ಕ್ಷೇಮ ಎಂದು ಮೊದಲು ಎಲ್ಲರೂ ತಿಳಿಯುತ್ತಾರೆ. ನನ್ನಂತೆ ಅನ್ನನಾಳದ ಬಾಯಿಯೇ ಸರಿಯಾಗಿ ತೆರೆಯದವರಲ್ಲಿ ಹೆಚ್ಚು ದಪ್ಪನೆಯದು ಗುಳಿಯಲ್ಲಿಯೇ ಅಂಟಿಕೊಂಡು ಉಳಿಯುತ್ತದೆ, ತೀರ ತೆಳ್ಳಗಿನದು ಶ್ವಾಸನಾಳಕ್ಕೆ ಜಾರುತ್ತದೆ. ನಡುವಿನ ಆ ಕಿರಿದಾದ ಪಟ್ಟಿಯಲ್ಲಿಯೇ ಇರಬೇಕು. ಸೊಸೆ ಪ್ರತಿ ಬೆಳಿಗ್ಗೆ ಒಲೆಯ ಪಕ್ಕದಲ್ಲಿ ಸಿರಿಂಜು ಹಿಡಿದು, ಮೊಬೈಲಿನಲ್ಲಿ ಹತ್ತು ಸೆಕೆಂಡು ನೋಡಿ, "ಮಾವ, ಇವತ್ತು ಐದೂವರೆ ನಿಂತಿದೆ, ಕುಡೀಬಹುದು" ಎನ್ನುತ್ತಿದ್ದಳು. ನಾನು ಅದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ರಾಗಿ ಅಂಬಲಿಯ ವಿಚಾರದಲ್ಲಿ ಎರಡು ಸಂಗತಿಗಳು ಆ ಪುಸ್ತಕದಿಂದಲೇ ಹೊರಬಿದ್ದವು. ಬಿಸಿಯಿದ್ದಾಗ ಎರಡನೆಯ ಹಂತದಲ್ಲಿದ್ದ ಅಂಬಲಿ ಆರಿದ ಮೇಲೆ ಮೂರಕ್ಕೆ ಏರುತ್ತದೆ. ಆದ್ದರಿಂದ ಕುಡಿಯುವಾಗ ಇರುವ ಬಿಸಿಯಲ್ಲಿಯೇ ಅಳೆಯಬೇಕು. ಎರಡನೆಯದು ಇನ್ನೂ ವಿಚಿತ್ರ. ಚಮಚವನ್ನು ಬಾಯಿಗಿಟ್ಟು ಮತ್ತೆ ಬಟ್ಟಲಿಗೆ ಅದ್ದಿ ನಿಧಾನವಾಗಿ ತಿನ್ನುತ್ತಿದ್ದರೆ, ತಳದಲ್ಲಿ ಉಳಿದ ಅಂಬಲಿ ನೀರಾಗಿಬಿಡುತ್ತಿತ್ತು. ಮೊದಲ ಚಮಚಗಳು ಸಲೀಸಾಗಿ ಇಳಿದು ಕೊನೆಯವುಗಳಲ್ಲಿ ದನಿ ಒದ್ದೆಯಾಗುತ್ತಿದ್ದುದು ಏಕೆಂದು ನಮಗೆ ತಿಳಿಯದೆ, ತಳದ್ದನ್ನು ಸಿರಿಂಜಿಗೆ ಹಾಕಿ ನೋಡಿದರೆ ಎರಡು ಮಿ.ಲೀ. ಕೂಡ ನಿಲ್ಲಲಿಲ್ಲ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಹಿಟ್ಟಿನ ಅಂಶವನ್ನು ಒಡೆಯುತ್ತದೆ, ಚಮಚದಲ್ಲಿ ಹೋದ ಅಷ್ಟು ಜೊಲ್ಲೇ ಸಾಕು ಎಂದು ಥೆರಪಿಸ್ಟ್ ವಿವರಿಸಿದರು. ಅಂದಿನಿಂದ ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು ತಿನ್ನುವುದು ರೂಢಿಯಾಯಿತು. ಜಾಂಥನ್ ಗಮ್ ಇರುವ ಪುಡಿಗಳು ಹೀಗೆ ಕರಗುವುದಿಲ್ಲ, ನೀರನ್ನೂ ಕಾಫಿಯನ್ನೂ ಅದರಿಂದಲೇ ದಪ್ಪ ಮಾಡಿಕೊಂಡೆ. ಅದು ಸಣ್ಣ ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ, ಬೆಲೆಯೂ ಕಡಿಮೆಯಲ್ಲ. ದಪ್ಪನೆಯ ನೀರು ಬಾಯಾರಿಕೆಯನ್ನು ತೀರಿಸುವುದಿಲ್ಲ ಎಂಬುದನ್ನು ಮಾತ್ರ ಯಾವ ಪುಡಿಯೂ ಬದಲಿಸಲಾರದು. ವಯಸ್ಸಾದವರು ಬೇಸತ್ತು ಕುಡಿಯುವುದನ್ನೇ ಕಡಿಮೆ ಮಾಡಿ ಮೈಯಲ್ಲಿ ನೀರಿನಂಶ ಕುಗ್ಗಿಸಿಕೊಳ್ಳುತ್ತಾರೆ. ನನಗೆ ಪೆಗ್ ಇದ್ದುದರಿಂದ ನೀರಿನ ಕೊರತೆ ಅಲ್ಲಿಂದ ತುಂಬುತ್ತಿತ್ತು.

ಬಾಯಿ ತೊಳೆಯುವುದರ ಬಗ್ಗೆ ಅವರು ಮಾಡಿದ್ದ ಒತ್ತಾಯ ಆರಂಭದಲ್ಲಿ ನನಗೆ ಅತಿಯೆನಿಸಿತ್ತು. ಬಾಯಿಂದ ಏನನ್ನೂ ತಿನ್ನದವನು ಹಲ್ಲು ಏಕೆ ಮೂರು ಹೊತ್ತು ಉಜ್ಜಬೇಕು? ಜಾರಿ ಒಳಹೋಗುವ ಜೊಲ್ಲಿಗಿಂತ ಅದರಲ್ಲಿರುವ ಕ್ರಿಮಿಗಳೇ ಶ್ವಾಸಕೋಶಕ್ಕೆ ಕೇಡು ಎಂದು ಅವರು ಹೇಳಿದರು. ಜಪಾನಿನ ವೃದ್ಧಾಶ್ರಮಗಳಲ್ಲಿ ದಿನನಿತ್ಯ ಹಲ್ಲುಜ್ಜಿಸಿದ ಹಿರಿಯರಲ್ಲಿ ನ್ಯುಮೋನಿಯಾ ಕಡಿಮೆಯಾದದ್ದು 1999ರಲ್ಲಿಯೇ ವರದಿಯಾಗಿದೆಯಂತೆ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡುವುದೂ ಆಗ ಬಂದ ಅಭ್ಯಾಸ. ಮಾತ್ರೆಗಳದ್ದು ಇನ್ನೊಂದು ಗೋಜು. ಪುಡಿ ಮಾಡಿ ಬೆರೆಸಿ ಕೊಡೋಣವೆಂದರೆ, ನಿಧಾನವಾಗಿ ಕರಗಲೆಂದೇ ಮಾಡಿದ ಕೆಲವು ಮಾತ್ರೆಗಳನ್ನು ಪುಡಿ ಮಾಡಕೂಡದು. ನನ್ನ ರಕ್ತದೊತ್ತಡದ ಮಾತ್ರೆ ಆ ಜಾತಿಯದೇ ಆಗಿತ್ತು, ವೈದ್ಯರನ್ನು ಕೇಳಿ ಬೇರೆಯದಕ್ಕೆ ಬದಲಿಸಿಕೊಳ್ಳಬೇಕಾಯಿತು.

ಮೂರನೆಯ ತಿಂಗಳಿನಲ್ಲಿ ಇನ್ನೊಮ್ಮೆ ಸ್ಕೋಪ್ ಹಾಕಿ ನೋಡಿದಾಗ ಬಲ ಧ್ವನಿತಂತು ಸ್ವಲ್ಪ ಅಲುಗಾಡುತ್ತಿತ್ತು, ಗುಳಿಯಲ್ಲಿ ನಿಲ್ಲುತ್ತಿದ್ದ ಹಸಿರು ಎರಡನೆಯ ನುಂಗಿಗೆ ಖಾಲಿಯಾಗುತ್ತಿತ್ತು. ನಯವಾಗಿ ಮಸೆದ ಇಡ್ಲಿ, ಬೆಣ್ಣೆ ಹಣ್ಣು, ಕಲಸಿ ಜಿಗುಟಿಲ್ಲದಂತೆ ಮಾಡಿದ ಮೊಸರನ್ನಕ್ಕೆ ಅನುಮತಿ ಸಿಕ್ಕಿತು. ಗಟ್ಟಿಯೂ ದ್ರವವೂ ಒಟ್ಟಿಗೆ ಇರುವ ಪದಾರ್ಥಗಳು ಕೊನೆಗೆ ಬರುವಂಥವು: ನೀರು ಬಿಟ್ಟುಕೊಂಡ ಮೊಸರನ್ನ, ಕಾಳಿರುವ ಸಾರು, ರಸ ತುಂಬಿದ ಕಿತ್ತಲೆ. ಬಾಯಲ್ಲಿ ಕಾಳನ್ನು ಅಗಿಯುತ್ತಿರುವಾಗಲೇ ರಸ ಹಿಂದಕ್ಕೆ ಓಡಿರುತ್ತದೆ.

ಮುದ್ದೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕಡೆಯವರು ಮೊದಲು ಕೇಳುವುದೇ ಅದನ್ನು. ಮುದ್ದೆಯನ್ನು ಅಗಿಯುವವನನ್ನು ನಮ್ಮಲ್ಲಿ ಹೊರಗಿನವನು ಎನ್ನುತ್ತಾರೆ. ಮುರಿದು, ಸಾರಿನಲ್ಲಿ ಅದ್ದಿ, ಹಾಗೆಯೇ ನುಂಗಬೇಕು. ಥೆರಪಿಸ್ಟರಿಗೆ ಅದನ್ನು ಕೂತು ವಿವರಿಸಿದೆ. ಅವರೂ ಹಾಸನದ ಕಡೆಯವರಾದ್ದರಿಂದ ನಕ್ಕು, "ಗೊತ್ತು ಸಾರ್, ಅದಕ್ಕೇ ಭಯ" ಎಂದರು. ಅಂಟುವ ಗುಣವೇ ಅದರ ತೊಡಕು. ಹೊಟ್ಟೆಯ ನಳಿಗೆ ತೆಗೆದು ಆ ತೂತು ಒಂದೆರಡು ದಿನಗಳಲ್ಲಿ ತಾನಾಗಿ ಮುಚ್ಚಿಕೊಂಡ ಮೇಲೂ ಮುದ್ದೆಗೆ ಬಹಳ ಕಾಲ ಅಪ್ಪಣೆ ಸಿಗಲಿಲ್ಲ. ಈಗ ಸಡಿಲವಾಗಿ ತೊಳಸಿದ ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು, ಬಸ್ಸಾರಿನ ಕಟ್ಟಿನಲ್ಲಿ ಚೆನ್ನಾಗಿ ಹೊರಳಿಸಿ, ಮುಖ ಬಲಕ್ಕೆ ತಿರುಗಿಸಿ ತಿನ್ನುತ್ತೇನೆ. ಅಗಿದು ತಿನ್ನುತ್ತೇನೆ ಎಂಬುದನ್ನು ಕಂಡು ಚಿಕ್ಕಪ್ಪನ ಮಗ ಬಾಯಿ ಮೇಲೆ ಕೈಯಿಟ್ಟುಕೊಂಡ. ಲಕ್ವ ಹೊಡೆದದ್ದು ನಿಜ ಎಂದು ಅವನಿಗೆ ಖಾತ್ರಿಯಾದದ್ದು ಅಂದೇ ಇರಬೇಕು.

ಉಣ್ಣುವಾಗ ನಾನು ಮಾತನಾಡುವುದಿಲ್ಲ, ಟಿವಿ ಹಾಕಲು ಬಿಡುವುದಿಲ್ಲ, ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಎದ್ದುಹೋಗಿ ಎಲೆ ತೆಗೆಯುವವರು ಬಂದು ನಿಂತಿರುತ್ತಾರೆ, ಆದ್ದರಿಂದ ಕೊನೆಯ ಪಂಕ್ತಿಗೆ ಕೂರುತ್ತೇನೆ. ನೀರನ್ನು ಪುಡಿಯಿಲ್ಲದೆ ಕುಡಿಯಬಲ್ಲೆ, ಸಣ್ಣ ಲೋಟದಲ್ಲಿ, ಒಂದೊಂದೇ ಗುಟುಕು. ಲೋಟ ಎತ್ತಿ ಮೇಲಿಂದ ಬಿಟ್ಟುಕೊಳ್ಳುವುದು ಮಾತ್ರ ಇನ್ನಿಲ್ಲ. ಆರು ತಿಂಗಳಿಗೊಮ್ಮೆ ಮಾನಸಗಂಗೋತ್ರಿಗೆ ಹೋಗಿ ತೋರಿಸಿ ಬರುತ್ತೇನೆ. ಗೊಗ್ಗರು ದನಿ ಮುಕ್ಕಾಲು ಪಾಲು ಸರಿಹೋಗಿದೆ, ಬಿಕ್ಕಳಿಕೆ ಎಂದೋ ನಿಂತಿದೆ, ಎಡಗೈಗೆ ಬಿಸಿ ಇನ್ನೂ ಗೊತ್ತಾಗುವುದಿಲ್ಲ. ಕಡಲೆಪುರಿಯನ್ನು ಮುಟ್ಟಿಲ್ಲ, ಅದರ ಹಗುರ ಹೊಟ್ಟು ಗಂಟಲಿನಲ್ಲಿ ಎಲ್ಲಿ ಕೂರುತ್ತದೆಂದು ಹೇಳಲಾಗದು; ಮೊಮ್ಮಗಳು ಸಂಜೆ ತಟ್ಟೆ ಹಿಡಿದು ಪಕ್ಕದಲ್ಲಿ ಕೂತರೆ ಅದರೊಳಗಿನ ಹುರಿಗಡಲೆಯನ್ನೂ ಅವಳಿಗೇ ಬಿಟ್ಟುಕೊಡುತ್ತೇನೆ.